ಉದ್ಯಾನದ ಗೇಟಿಗೆ ನಾನು ಬರೆದ ನಿಯಮ

ಸ್ಪಷ್ಟವಾಗಿ ಬರೆದರೆ ಜನ ಪಾಲಿಸುತ್ತಾರೆ ಎಂಬುದು ಪತ್ರಿಕಾ ಕಚೇರಿಯಲ್ಲಿ ಸುದ್ದಿ ತಿದ್ದುತ್ತ ನಾನು ಕಲಿತ ಪಾಠ. ಕೊರೊನಾ ಕಾಲದಲ್ಲಿ, ನರಗುಂದದ ನಮ್ಮ ಬಡಾವಣೆಯ ಪುಟ್ಟ ಉದ್ಯಾನದಲ್ಲಿ ಆ ಪಾಠ ಒಂದು ವಾರವೂ ಬಾಳಲಿಲ್ಲ.

ಹಲವು ತಿಂಗಳ ನಂತರ ಉದ್ಯಾನ ತೆರೆದಿತ್ತು. ಎರಡನೇ ತರಗತಿಯ ನನ್ನ ಮಗಳು ಸಹನಾ ಅಷ್ಟು ದಿನ ಮನೆಯ ಕಟ್ಟೆಯ ಮೇಲೆ ಕುಳಿತೇ ಜಾರುಬಂಡಿಯ ಕನಸು ಕಂಡವಳು. ಆದರೆ ಮೊದಲ ಸಂಜೆಯೇ ಪಾಲಕರ ನಡುವೆ ಜಗಳ ಹತ್ತಿತು. ಬಯಲಿನಲ್ಲಿ ಮಾಸ್ಕ್ ಯಾಕೆ ಎಂದು ಕೆಲವರು, ಮಲಗುವಾಗಲೂ ತೆಗೆಯಬಾರದು ಎಂದು ಕೆಲವರು. ಶನಿವಾರದೊಳಗೆ ಒಂದು ಮಾತಿಗೆ ಬರದಿದ್ದರೆ ಗೇಟಿಗೆ ಕೀಲಿ ಹಾಕುವುದಾಗಿ ಕಾವಲುಗಾರ ಫಕೀರಪ್ಪಜ್ಜ ಹೇಳಿದ. ಸಹನಾ ನನ್ನ ಕೈ ಹಿಡಿದಳು. ನಾನು ಪೆನ್ನು ಹಿಡಿದೆ.

‘ಐದು ವರ್ಷ ಮೇಲ್ಪಟ್ಟ ಸಕಲರೂ ಮಾಸ್ಕ್ ಧರಿಸತಕ್ಕದ್ದು’ ಎಂದು ಬರೆದು ಗೇಟಿಗೆ ಅಂಟಿಸಿದೆ. ಅನುಮಾನಕ್ಕೆ ಎಡೆಯೇ ಇಲ್ಲದ ವಾಕ್ಯ!

ಮರುದಿನ ಉದ್ಯಾನದಲ್ಲಿ ಐದು ದಾಟಿದ ಒಂದು ಮಗುವೂ ಸಿಗಲಿಲ್ಲ. ಮೀಸೆ ಚಿಗುರುತ್ತಿದ್ದವನೂ ತನಗೆ ನಾಲ್ಕು ಎಂದ. ಕೊನೆಗೆ ನನ್ನ ಮಗಳನ್ನೇ ಕೇಳಿದೆ.

“ನಂಗೂ ನಾಕ, ಪಪ್ಪಾ,” ಎಂದಳು.

ವಯಸ್ಸನ್ನು ಹೊಡೆದುಹಾಕಿದೆ. ಎಲ್ಲರಿಗೂ ಮಾಸ್ಕ್. ಪಕ್ಕದ ಮನೆಯ ಕಾಳಿನ ವ್ಯಾಪಾರಿ ಬಸಣ್ಣ, ಹಾಗಾದರೆ ಮಕ್ಕಳು ನೀರು ಕುಡಿಯುವುದು ಬೇಡವೇ ಎಂದರು. ನ್ಯಾಯವಾದ ಪ್ರಶ್ನೆ. ‘ತಿನ್ನುವಾಗ, ಕುಡಿಯುವಾಗ ವಿನಾಯಿತಿ’ ಎಂದು ಸೇರಿಸಿದೆ.

ಮೂರನೆಯ ಸಂಜೆ ಪ್ರತಿ ಮಗುವಿನ ಮುಷ್ಟಿಯಲ್ಲೂ ಚುರಮುರಿ! ಉಯ್ಯಾಲೆಯ ಮೇಲೆ ಚುರಮುರಿ, ಜಾರುಬಂಡಿಯ ತುದಿಯಲ್ಲಿ ಚುರಮುರಿ. ಐದು ನಿಮಿಷಕ್ಕೊಂದು ಕಾಳು ಬಾಯಿಗೆ ಹೋಗುತ್ತಿತ್ತು. ಪಾಲಕರು ಬೆಂಚುಗಳ ಮೇಲೆ ಗಿರ್ಮಿಟ್ ಪೊಟ್ಟಣ ಬಿಚ್ಚಿ ಕುಳಿತಿದ್ದರು. ನಿಯಮ ಚಾಚೂ ತಪ್ಪದೆ ಪಾಲನೆಯಾಗುತ್ತಿತ್ತು. ಮಾಸ್ಕ್ ಮಾತ್ರ ಯಾರ ಮುಖದಲ್ಲೂ ಇರಲಿಲ್ಲ.

ಸಹನಾಗೆ ಚುರಮುರಿ ಕಟ್ಟಿಕೊಟ್ಟವರು ಯಾರೆಂದು ಮನೆಯಲ್ಲಿ ವಿಚಾರಣೆ ನಡೆಸಿದೆ.

“ನಾನ ಕೊಟ್ಟೀನ್ರಿ,” ಎಂದಳು ಹೆಂಡತಿ ಗಿರಿಜಾ. “ನೀವ ಬರದೀರಲ್ಲ. ಗಂಡ ಬರದದ್ದು ಹೆಂಡ್ತಿನ ಪಾಲಸಲಿಲ್ಲಂದ್ರ ಮಂದಿ ಏನಂದಾರು?”

ವಿನಾಯಿತಿಗೆ ಕಡಿವಾಣ ಹಾಕಿದೆ: ‘ಕುಳಿತು ತಿನ್ನತಕ್ಕದ್ದು.’

ಶುಕ್ರವಾರ ಬಸಣ್ಣ ಅದನ್ನು ಎರಡು ಸಲ ಓದಿದರು. “ಸರ, ಜೋಕಾಲಿ ಮ್ಯಾಲ ಕುಂತದ್ದು ಕುಂತಂಗೋ, ಆಡಿದಂಗೋ?”

ಕುಳಿತಂತೆ ಎಂದು ಒಂದು ಗುಂಪು, ಆಡಿದಂತೆ ಎಂದು ಇನ್ನೊಂದು. ಗೇಟಿನ ಬಳಿ ಹೆಗಲಿಗೆ ಹೆಗಲು ತಾಗಿಸಿ ಚರ್ಚೆ ನಡೆಯಿತು. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ. ಅಂತರ ಕಾಯ್ದುಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಲು ನಾನು ಮಾಸ್ಕನ್ನು ಗದ್ದಕ್ಕೆ ಇಳಿಸಿದೆ.

ಫಕೀರಪ್ಪಜ್ಜ ಕೀಲಿ ಹಿಡಿದು ಬಂದ. ಸಹನಾ ಅಳುವ ಹಾಗಾದಳು. ಅಜ್ಜ ನನ್ನ ಚೀಟಿಯನ್ನು ಕಿತ್ತು ಮಡಚಿ, ನನ್ನ ಕೈಗೇ ಕೊಟ್ಟ.

“ದೊಡ್ಡವರೆಲ್ಲಾ ಹೊರಗ ನಿಂದರ್ರಿ. ಸಣ್ಣವರು ಮೂಗ ಮುಚ್ಚಿಕೊಂಡ ಒಳಗ ನಡೀರಿ.”

ಮಕ್ಕಳು ತಕ್ಷಣ ಮೂಗು ಮುಚ್ಚಿಕೊಂಡು ಒಳಗೆ ಓಡಿದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ! ಸರಳುಗಳ ಸಂದಿಯಿಂದ ಸಹನಾಳನ್ನು ಕರೆದು, ಮೂರು ದಿನದಿಂದ ಹೀಗೆ ಯಾಕೆ ಮಾಡಲಿಲ್ಲ ಎಂದು ಕೇಳಿದೆ.

“ನೀವು ಚೀಟ್ಯಾಗ ಬರದಿದ್ರಿ,” ಎಂದಳು. “ಅಜ್ಜ ಹಾಕ್ಕೊ ಅಂದ.”

ಜಾರುಬಂಡಿಯ ಮೆಟ್ಟಿಲ ಕಡೆಗೆ ಓಡಿಹೋದಳು. ಯಾವ ನಿಯಮದ ಪ್ರಕಾರ ಹೊರಗಿದ್ದೇನೆ ಎಂದು ತಿಳಿಯದ ನಾನು, ಮಾಸ್ಕನ್ನು ಮೂಗಿನವರೆಗೆ ಏರಿಸಿಕೊಂಡು ಶಿಸ್ತಾಗಿ ಹೊರಗೇ ನಿಂತೆ.