ಲಗ್ನಕ್ಕೆ ಕರೆಯದ ಕಾರು ಕಂಪನಿಯ ಬೀಗರಿಗೆ

ಕಮಲಾಪುರ, ಜಿಲ್ಲಾ ಕಲಬುರಗಿ
ಶ್ರಾವಣ ಮಾಸ, ೨೦೦೧

ಮಯೂರ ಮೋಟಾರ್ ಮನೆತನದ ಹಿರಿಯರಿಗೂ, ಅವರ ಕೈ ಹಿಡಿದ ವೆಲ್ಟನ್ ಮನೆತನದ ಹಿರಿಯರಿಗೂ ಕಮಲಾಪುರದ ದುಂಡಮ್ಮ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ, ಮಾನ್ಯರ ಹೊಸ ಬೀಗರೇ,

ತಾವು ಉಭಯತರೂ ಕ್ಷೇಮವೆಂದು ತಿಳಿದಿದ್ದೇನೆ. ಇತ್ತ ನಾವೂ ಕ್ಷೇಮ, ನಮ್ಮ ಮಯೂರ ಡೀಲಕ್ಸ್ ಗಾಡಿಯ ಎಡಗಡೆಯ ಮುಂದಿನ ಬಾಗಿಲೊಂದನ್ನು ಬಿಟ್ಟು. ನಾನು ಊರ ಶಾಲೆಯಲ್ಲಿ ಮೂರನೇ ಜಮಾತಿನವರೆಗೆ ಕಲಿತವಳು, ಆದಕಾರಣ ಅಕ್ಷರದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಗಾಡಿಯ ತಪ್ಪುಗಳನ್ನು ನಮ್ಮ ಯಜಮಾನರು ಅದನ್ನು ತಂದಂದಿನಿಂದ ನಾನೂ ಹಾಗೆಯೇ ಹಾಕಿಕೊಳ್ಳುತ್ತ ಬಂದಿದ್ದೇನೆ, ಅದಕ್ಕೇ ನನ್ನ ಹೊಟ್ಟೆ ಈ ಗಾತ್ರಕ್ಕೆ ಬಂದಿದೆ ಎಂದು ನಮ್ಮ ಡ್ರೈವರ್ ಮಕ್ಬೂಲ ಹೇಳುತ್ತಾನೆ.

ತಮ್ಮ ಲಗ್ನದ ಸುದ್ದಿ ನನಗೆ ತಿಳಿದದ್ದು ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರಿನಿಂದ. ಎಣ್ಣೆ ಕುಡಿದ ಆ ಹಾಳೆಯಲ್ಲಿ ತಮ್ಮ ಕಡೆಯ ಹಿರಿಯರೊಬ್ಬರೂ ಆ ಕಡೆಯ ಕೆಂಪು ಮೋರೆಯ ಸಾಹೇಬರೊಬ್ಬರೂ ಕೈ ಕೈ ಹಿಡಿದು ಹಲ್ಲು ಕಿಸಿದು ನಿಂತಿದ್ದರು, ಕೆಳಗೆ ಮಯೂರವೂ ವೆಲ್ಟನ್ನೂ ಇನ್ನು ಮೇಲೆ ಒಂದೇ ಮನೆ ಎಂದು ಅಚ್ಚಾಗಿತ್ತು. ಬಹಳ ಸಂತೋಷವಾಯಿತು. ಆದರೆ ಮಾನ್ಯರೇ, ತಮ್ಮ ಮನೆಯ ಕೂಸನ್ನು ನಾವು ಆರತಿ ಎತ್ತಿ, ಗಾಲಿಗೆ ನಿಂಬೆಹಣ್ಣು ಇಟ್ಟು ಹೊಸ್ತಿಲ ಮುಂದೆ ಇಳಿಸಿಕೊಂಡವರು. ನಮ್ಮ ಕಡೆ ಹೆಣ್ಣು ಕೊಟ್ಟವರು, ತಂದವರು ಬೀಗರಾಗುತ್ತಾರೆ. ಬೀಗರ ಮನೆಯಲ್ಲಿ ಲಗ್ನವಾದರೆ ಕರೆಯೋಲೆ ಬರಬೇಕು, ಹೋದವರಿಗೆ ಸೀರೆ, ಖಣ, ಟೊಪ್ಪಿಗೆ, ಟವೆಲ್ಲಿನ ಆಯೇರು ಆಗಬೇಕು. ತಾವು ಒಂದು ಅರಿಶಿಣದ ಅಕ್ಕಿಕಾಳನ್ನೂ ಕಳಿಸಲಿಲ್ಲ. ದೊಡ್ಡವರ ಮನೆಯ ಗಡಿಬಿಡಿ, ಮರೆತಿರಬೇಕೆಂದು ನಾನೇ ಮನಸ್ಸು ದೊಡ್ಡದು ಮಾಡಿಕೊಂಡೆ.

ಈಗ ಬಾಗಿಲಿನ ವಿಷಯ. ಅದರ ಲಾಕು ಯುಗಾದಿಯ ಹೊತ್ತಿಗೆ ಹಿಡಿದುಕೊಂಡಿತು. ಒಳಗಿಂದಲೂ ತೆರೆಯದು, ಹೊರಗಿಂದಲೂ ತೆರೆಯದು. ಮುಂದೆ ಕೂಡಬೇಕೆಂದರೆ ನಾನು ಡ್ರೈವರ್ ಕಡೆಯಿಂದ ಹತ್ತಿ, ಗೇರಿನ ದಂಡಕ್ಕೆ ಕ್ಷಮಾಪಣೆ ಹೇಳಿ ದಾಟಬೇಕು, ಇಳಿಯುವಾಗ ಅದೇ ದಾರಿಯಲ್ಲಿ ಹಿಂಬದಿ ಮುಂದಾಗಿ ಹೊರಬರಬೇಕು. ಹಿಂದಿನ ಸೀಟಿನಲ್ಲಿ ಕೂಡಬಾರದೇ ಎಂದು ತಾವು ಕೇಳಬಹುದು. ಅದರ ಸ್ಪ್ರಿಂಗುಗಳು ಎಷ್ಟು ಚುರುಕಾಗಿವೆಯೆಂದರೆ ಅಲ್ಲಿ ಬಸುರಿಯನ್ನು ಕೂಡಿಸಿದರೆ ಕಮಲಾಪುರ ಮುಟ್ಟುವುದರೊಳಗೆ ಕೂಸಿಗೆ ಹಲ್ಲು ಬಂದಿರುತ್ತವೆ.

ಬಸುರಿಯ ಮಾತು ಸುಮ್ಮನೆ ತೆಗೆಯಲಿಲ್ಲ. ನನ್ನ ಮೊಮ್ಮಗಳು ಮಲ್ಕಮ್ಮ ಚೊಚ್ಚಲ ಬಸುರಿ. ಅವಳನ್ನು ಕೊಟ್ಟದ್ದು ಕಲಬುರಗಿಯ ಸೇಡಂ ರಸ್ತೆಯ ಮನೆಗೆ, ಅಲ್ಲಿ ಅವಳ ಅತ್ತೆ ಅನ್ನಮ್ಮನವರ ಕಾರಭಾರ. ಸೀಮಂತದ ಕುಬಸ ಮುಗಿಸಿ ಹುಡುಗಿಯನ್ನು ತವರಿನ ಗಾಡಿಯಲ್ಲಿ ಬಾಣಂತನಕ್ಕೆ ಕರೆತರುವುದು ನಮ್ಮ ರೂಢಿ. ಆದರೆ ಕಳೆದ ಸಾರಿ ನಾನು ಅವರ ಅಂಗಳದಲ್ಲಿ ಹಿಂಬದಿ ಮುಂದಾಗಿ ಇಳಿದದ್ದನ್ನು ಮಾಳಿಗೆಯ ಮೇಲಿಂದ ಕಂಡ ಅನ್ನಮ್ಮನವರು, ಓಣಿಗೆಲ್ಲ ಕೇಳುವ ಹಾಗೆ, ‘ಬಾಗ್ಲಾ ತೆರಿಲಾರದ ಗಾಡ್ಯಾಗ ನಮ್ಮ ಸೊಸಿನ್ನ ಕಳ್ಸಂಗಿಲ್ರೀ ಬೀಗ್ತೆರೆ, ನಮ್ಮ ಹೊಸಾ ವೆಲ್ಟನ್‌ದಾಗ ಬಂದ್ರ ಬರ್ಲಿ, ಇಲ್ಲಾಂದ್ರ ಹೆರ್ಗಿ ಇಲ್ಲೇ ಆಗ್ಲಿ’ ಎಂದು ತೀರ್ಪು ಕೊಟ್ಟರು. ಅವರ ಗಾಡಿಯಲ್ಲಿ ನಮ್ಮ ಹುಡುಗಿ ತವರಿಗೆ ಬಂದರೆ ನಾಳೆ ಹುಟ್ಟಿದ ಕೂಸು ಅತ್ತಾಗಲೂ ‘ನಮ್ಮ ಗಾಡಿಯೊಳಗ ಬಂದ ಕೂಸು’ ಎಂದು ಆಕೆ ಹೇಳದೆ ಇರುವುದಿಲ್ಲ. ಬರದೇ ಹೋದರೆ ನಾನು ಬಾಣಂತಿಗೆಂದು ಹುರಿದಿಟ್ಟ ಅಂಟು, ಕುಟ್ಟಿಟ್ಟ ಉತ್ತುತ್ತಿ, ಹೊಲದ ಕೆಂಪು ಬಾಳೆಯ ಗೊನೆ, ಎಲ್ಲಕ್ಕಿಂತ ಮೊದಲು ‘ಆಯಿ, ನನ್ನ ಜಲ್ದಿ ಕರ್ಕೊಂಡು ಹೋಗು’ ಎಂದು ಫೋನಿನಲ್ಲಿ ಸಣ್ಣಗೆ ಹೇಳಿದ ಆ ಹುಡುಗಿಯ ಮಾತು, ಇವನ್ನೆಲ್ಲ ಯಾರಿಗೆ ಉಣಿಸಲಿ?

ಲಾಕಿಗಾಗಿ ಮಕ್ಬೂಲ ಕಲಬುರಗಿಯ ಸ್ಟೇಶನ್ ಬಜಾರಿನ ಗುಜರಿ ಅಂಗಡಿಗಳನ್ನೂ ನೆಹರು ಗಂಜಿನ ಕಬ್ಬಿಣದ ಅಂಗಡಿಗಳನ್ನೂ ಸುತ್ತಿ ಬರಿಗೈಯಲ್ಲಿ ಬಂದು, ‘ಆ ಕಂಪನಿ ಹೆಸರು ತಗೊಂಡ್ರ ನಗ್ತಾರ ಅಮ್ಮಾ’ ಎಂದ. ಆಗ ನಾನೇ ಎದ್ದು ಇಳಕಲ್ಲ ಸೀರೆ ಉಟ್ಟು, ತಾಟಿನಲ್ಲಿ ಖಣ, ತೆಂಗಿನಕಾಯಿ, ಕೆಂಪು ಬಾಳೆಹಣ್ಣು ಇಟ್ಟುಕೊಂಡು ತಮ್ಮ ಶೋರೂಮಿಗೆ ಹೋದೆ. ಬೀಗರು ಕರೆಯದಿದ್ದರೂ ಆಯೇರು ನಾವೇ ಒಯ್ದೆವು ಎಂಬ ಹೆಸರಾದರೂ ಇರಲಿ ಎಂದು.

ಬೋರ್ಡಿನ ಮೇಲೆ ಮೊದಲು ಮಯೂರ ಎಂದಿತ್ತು, ನಡುವೆ ಮಯೂರ-ವೆಲ್ಟನ್ ಎಂದಾಯಿತು, ಈಗ ಬರೀ ವೆಲ್ಟನ್ ಉಳಿದಿದೆ. ಸೊಸೆಯ ತವರ ಹೆಸರು ಅಳಿಯುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತವೆ. ಒಳಗೆ ಸೂರ್ಯಕಾಂತ ಎಂಬ ಸುಸಂಸ್ಕೃತ ಹುಡುಗನೊಬ್ಬ ಟೈ ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಗಾಡಿಯ ನಂಬರ್ ಕೇಳಿ ಗುಂಡಿಗಳನ್ನು ಬಡಿದ, ಮತ್ತೆ ಬಡಿದ, ಆಮೇಲೆ ಮನೆಯಲ್ಲಿ ಸಾವಾದವರಿಗೆ ಹೇಳುವ ಧಾಟಿಯಲ್ಲಿ, ‘ಅಮ್ಮಾರೆ, ನಿಮ್ಮ ಗಾಡಿ ಇಲ್ಲೇ ಇಲ್ರೀ’ ಎಂದ. ‘ಅದರಾಗೇ ಕುಂತು ಬಂದೀನಲ್ಲಪ್ಪಾ, ಹೊರಗ ನೋಡು’ ಎಂದೆ. ಅವನು ಕಿಟಕಿಯ ಕಾಜಿನಿಂದ ಹೊರಗೆ ನೋಡಿದ, ಗಾಡಿಯನ್ನು ಕಂಡ, ಮತ್ತೆ ಕಂಪ್ಯೂಟರನ್ನು ನೋಡಿ ಅದನ್ನೇ ನಂಬಿದ. ಲಗ್ನವಾದ ಮೇಲೆ ವೆಲ್ಟನ್ ಮನೆಯಿಂದ ಹೊಸ ಸಾಫ್ಟ್‌ವೇರ್ ಬಂದಿದೆಯಂತೆ, ಅದರಲ್ಲಿ ಮಯೂರದ ಹಳೇ ಗಾಡಿಗಳನ್ನು ತುಂಬಿಯೇ ಇಲ್ಲವಂತೆ, ಅದರಲ್ಲಿ ಇಲ್ಲದ ಗಾಡಿಗೆ ಲಾಕು ತರಿಸಲು ಬರುವುದಿಲ್ಲವಂತೆ.

ತಮ್ಮ ಈ ಸಾಫ್ಟ್‌ವೇರನ್ನು ನಾನು ಮನಸಾರೆ ಹೊಗಳುತ್ತೇನೆ. ಗಾಡಿ ರಿಪೇರಿ ಮಾಡುವುದಕ್ಕಿಂತ ಅದು ಇಲ್ಲವೆನ್ನುವುದು ಎಷ್ಟು ಹಗುರ! ನಮ್ಮ ಮನೆಯ ಹಂಚಿನ ಸೋರಿಕೆಗೂ ನನ್ನ ಮೊಣಕಾಲ ನೋವಿಗೂ ಅಂಥದ್ದೊಂದನ್ನು ಕಳಿಸಿಕೊಡಬೇಕು. ಹೊಸ ಮನೆಗೆ ಬಂದ ಸೊಸೆಯೆಂದು ನಾನು ಆ ಕಂಪ್ಯೂಟರಿಗೇ ಕುಂಕುಮ ಹಚ್ಚಿ, ಖಣ ಹೊದಿಸಿ, ಬಾಳೆಹಣ್ಣಿನಿಂದ ಉಡಿ ತುಂಬಿದೆ. ಕುಂಕುಮ ಗುಂಡಿಗಳ ಸಂದಿಯಲ್ಲಿ ಇಳಿದು ಅದು ಕಿರ್ ಎಂದು ಸುಮ್ಮನಾಯಿತು. ಆಗ ಮಾತ್ರ ಅದು ನಮ್ಮ ಗಾಡಿಯ ಸ್ವಂತ ತಂಗಿಯ ಹಾಗೆ ಕಂಡಿತು. ಸೂರ್ಯಕಾಂತನ ಮೇಲೆ ಸಿಟ್ಟಾಗಬೇಡಿ, ಅವನು ಅಳುತ್ತಲೇ ಎರಡು ಹಣ್ಣು ತಿಂದ.

ಇರಲಿ. ಕುಬಸದ ದಿನ ಬಂದೇ ಬಿಟ್ಟಿತು. ಬೆಳಿಗ್ಗೆ ನಾನು ಮಕ್ಬೂಲನಿಗೆ ಬಾಗಿಲನ್ನೇ ಬಿಚ್ಚಿಡಲು ಹೇಳಿ, ಆ ಜಾಗಕ್ಕೆ ನನ್ನ ಕೈಯಾರೆ ಹೊಲಿದ ಕೌದಿಯನ್ನು ಇಳಿಬಿಟ್ಟೆ. ನನ್ನ ಮದುವೆಯ ಸೀರೆಯಿಂದ ಹಿಡಿದು ಮಲ್ಕಮ್ಮನ ಲಂಗದವರೆಗೆ ಮನೆಯ ಬಟ್ಟೆಯೆಲ್ಲ ಇದ್ದ ಕೌದಿ ಅದು. ತಮ್ಮ ಪೇಂಟಿಗಿಂತ ಬಣ್ಣ ಚಲೋ ಹಿಡಿದಿದೆ. ಸೇಡಂ ರಸ್ತೆಯಲ್ಲಿ ನಾನು ಕೌದಿ ಸರಿಸಿ, ಎಷ್ಟೋ ತಿಂಗಳ ಮೇಲೆ ಮೋರೆ ಮುಂದಾಗಿ ಇಳಿದೆ. ಮಾಳಿಗೆಯಿಂದ ಅನ್ನಮ್ಮನವರು ‘ಬಾಗ್ಲಾ ಎಲ್ಲೈತ್ರೀ ಬೀಗ್ತೆರೆ?’ ಎಂದರು. ‘ಗಾಳಿ ಬರ್ಲಂತ ತೆಗಸೇವ್ರೀ, ನಿಮ್ಮ ಗಾಡ್ಯಾಗ ಅದಕ್ಕಂತ ಮಶೀನ್ ಕುಂದ್ರಸ್ಯಾರಂತಲ್ರೀ’ ಎಂದೆ. ಬಾಗಿಲು ತೆರೆಯುವುದಿಲ್ಲ ಎಂಬುದೊಂದೇ ಅವರ ತಕರಾರಾಗಿತ್ತು. ಬಾಗಿಲೇ ಇಲ್ಲದ ಮೇಲೆ ಪಾಪ, ಆ ತಕರಾರು ಎಲ್ಲಿ ಕೂಡಬೇಕು? ಅವರು ಇನ್ನೊಂದನ್ನು ಹುಡುಕುವುದರೊಳಗೆ ಮಲ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಕೌದಿಯೊಳಗೆ ಹೊಕ್ಕು ಕೂತುಬಿಟ್ಟಿದ್ದಳು. ಅವಳು ಜಾರದಂತೆ ಯಜಮಾನರ ಹಳೇ ಧೋತರವನ್ನು ಎದೆಗೆ ಅಡ್ಡಲಾಗಿ ಸೀಟಿಗೆ ಬಿಗಿದೆ. ಮಕ್ಬೂಲ ಎತ್ತಿನ ಬಂಡಿಗೂ ದಾರಿ ಬಿಟ್ಟುಕೊಟ್ಟು ಗಾಡಿ ಹೊಡೆದ. ಹಿಂದೆ, ಸೊಸೆಯ ಕಾವಲಿಗೆಂದು, ಅನ್ನಮ್ಮನವರ ಹೊಸ ವೆಲ್ಟನ್ ಕಾಜು ಮುಚ್ಚಿಕೊಂಡು ಕಮಲಾಪುರದವರೆಗೆ ನಮ್ಮ ಹೊಗೆ ಕುಡಿಯುತ್ತ ಬಂತು.

ಮಲ್ಕಮ್ಮ ಈಗ ಪಡಸಾಲೆಯಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾಳೆ. ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು: ತಾವು ಉಭಯತರೂ ಹೆಸರಿಡುವ ದಿನ ಜೋಡಿಯಾಗಿ ಬಂದು ತೊಟ್ಟಿಲು ತೂಗಬೇಕು, ಬರುವಾಗ ನಮಗೆ ಬರಬೇಕಾದ ಆಯೇರನ್ನು ತರಬೇಕು, ಮತ್ತು ಕೂಸು ಹುಟ್ಟಿದೆ ಎಂಬುದನ್ನು ನಾವು ಕಣ್ಣಿನಿಂದ ನೋಡಿಯೇ ನಂಬಲು ಕಂಪ್ಯೂಟರಿನಿಂದ ಪರವಾನಗಿ ಕೊಡಿಸಬೇಕು.

ಬಾಗಿಲಿಲ್ಲದಿದ್ದರೂ ವಿಶ್ವಾಸ ಬಿಡದ
ತಮ್ಮ ವಿಶ್ವಾಸಿ,
ದುಂಡಮ್ಮ

ತಾಜಾ ಕಲಂ: ಬಿಚ್ಚಿದ ಬಾಗಿಲನ್ನು ಆಡಿನ ದೊಡ್ಡಿಗೆ ಹಾಕಿಸಿದ್ದೇನೆ. ಲಾಕು ಬಿಟ್ಟುಕೊಂಡು ಈಗ ಎಷ್ಟು ಚಂದ ತೆರೆಯುತ್ತದೆಂದರೆ ಆಡುಗಳೇ ಒಳಗಿಂದ ತೆರೆದುಕೊಂಡು, ಸೊಸೆಯನ್ನು ನೋಡಲು ಬಂದ ಅನ್ನಮ್ಮನವರು ಅಂಗಳದಲ್ಲಿ ತೆರೆದು ನಿಲ್ಲಿಸಿದ್ದ ವೆಲ್ಟನ್ನಿನ ಸೀಟು ಮೇಯ್ದು ಬಂದವು. ಇನ್ನೊಂದು ಮಾತು. ವೆಲ್ಟನ್ ಮನೆಯವರೂ ಬರುವ ವರ್ಷ ಇನ್ನೂ ದೊಡ್ಡದೊಂದು ಮನೆಗೆ ಸೊಸೆಯಾಗಿ ಹೋಗುತ್ತಾರಂತೆ, ಮತ್ತೆ ಹೊಸ ಸಾಫ್ಟ್‌ವೇರ್ ಬರುತ್ತದಂತೆ ಎಂದು ಸೂರ್ಯಕಾಂತ ಮೊನ್ನೆ ಫೋನಿನಲ್ಲಿ ಹೇಳಿದ. ಅನ್ನಮ್ಮನವರಿಗೆ ನಾನು ಇನ್ನೂ ಈ ಸುದ್ದಿ ಮುಟ್ಟಿಸಿಲ್ಲ. ಅವರ ಗಾಡಿಯ ಬಾಗಿಲಿನ ಅಳತೆಗೆ ಒಂದು ಕೌದಿ ಹೊಲಿಯಲು ಕೂತಿದ್ದೇನೆ.