ತೇರದಾಳದ ಪಟ್ಟಿಯಲ್ಲಿರುವಾಕೆ

ನಿಯಮದ ಮನುಷ್ಯರಲ್ಲಿ ಎರಡು ಜಾತಿ. ತಾವು ಪಾಲಿಸುವವರು ಒಂದು, ಊರಿಗೆಲ್ಲ ಪಾಲಿಸಲು ಹೇಳುವವರು ಇನ್ನೊಂದು. ನಾನು ಎರಡನೆಯ ಪೈಕಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬನಹಟ್ಟಿಯಲ್ಲಿ ಮಾಸ್ತರನಾಗಿದ್ದ ನನಗೆ ಪಾಠಕ್ಕಿಂತ ಮತದಾರರ ಪಟ್ಟಿಯೇ ಹೆಚ್ಚು ಕೀರ್ತಿ ತಂದಿತ್ತು. ಚುನಾವಣೆ ಹತ್ತಿರ ಬಂತೆಂದರೆ ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನೇಕಾರರ ಓಣಿಗಳನ್ನು ಸುತ್ತುತ್ತಿದ್ದೆ. ಮಗ್ಗಗಳ ಸದ್ದಿನ ಮೇಲೆ ಗಂಟಲು ಹರಿದುಕೊಂಡು, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಕೇಳುವುದು, ಹೌದೆಂದರೆ ಅಡಿಪಟ್ಟಿ ಇಟ್ಟು ಕೆಂಪು ಮಸಿಯಲ್ಲಿ ಗೆರೆ ಎಳೆಯುವುದು. ಒಂದು ಮನೆಯಲ್ಲಿ ಮುದುಕನಿಗೆ ಜಡ್ಡು ಜೋರಾಗಿತ್ತು. ಎರಡು ದಿನ ಬಿಟ್ಟು ಬರ್ರಿ ಎಂದರು. ಎರಡು ದಿನ ಬಿಟ್ಟು ಹೋದರೆ ಮುದುಕ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ನನ್ನ ಕೈಯ ಕೆಂಪು ಪೆನ್ನು ನೋಡಿ, ಇನ್ನೊಂದು ಸಲ ಬಾ ಎಂದ.

ಸ್ವಂತ ಮನೆಯ ಸರದಿ ಬಂದಾಗಲೂ ನಾನು ಬಿಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಪರವೂರಿನವನಂತೆ ಕೂತು, ಹೆಂಡತಿಗೆ ಗಂಡನ ಹೆಸರು ಕೇಳಿದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ತೀರಾ ಒತ್ತಾಯ ಮಾಡಿದರೆ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಿ ಓಡಿಹೋಗುತ್ತಾರೆ. ಇವಳು ಒಡಪೂ ಹಾಕಲಿಲ್ಲ. “ನಿಮ್ಮ ಹೆಸರ ನಿಮಗ ಗೊತ್ತಿಲ್ಲಂದ್ರ ನಾ ಏನ ಮಾಡ್ಲಿರಿ” ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು. ಹಾಗೆ ನೋಡಿದರೆ ನಾನೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಏ, ಕೇಳಿಸ್ತೇನ’ ಎಂಬಷ್ಟರಲ್ಲೇ ಸಂಸಾರ ನಡೆದುಹೋಯಿತು.

ಅವಳ ಹೆಸರಿನದೇ ಒಂದು ಕಥೆ. ತವರು ತೇರದಾಳ, ಅಲ್ಲಿ ಅವಳು ನೀಲವ್ವ. ದುರ್ದೈವಕ್ಕೆ ನನ್ನ ಅವ್ವನೂ ನೀಲವ್ವ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಬೈಯದೆ ಇರುವುದಂತೂ ಅವ್ವನಿಂದ ಆಗದ ಮಾತು. ಹೀಗಾಗಿ ಮದುವೆಯ ದಿನವೇ ಸೊಸೆ ಅನ್ನಪೂರ್ಣಾ ಆದಳು. ಮುಂದೆ ಅವ್ವ ತೀರಿಕೊಂಡಳು. ಆಗಲಾದರೂ ಇವಳ ಹೆಸರನ್ನು ಇವಳಿಗೆ ತಿರುಗಿ ಕೊಡಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಅವ್ವನ ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ಮನೆಗೆ ಹೋದೆ.

ಒಮ್ಮೆ ಪಾರ್ಲಿಮೆಂಟ್ ಚುನಾವಣೆಯ ಹೊತ್ತಿಗೆ ಅವಳ ತಮ್ಮ ತೇರದಾಳದಿಂದ ಬಂದವನು ನಗುತ್ತ ಒಂದು ಮತದಾರರ ಚೀಟಿ ಕೊಟ್ಟ. ನೀಲವ್ವ, ತಂದೆಯ ಹೆಸರು, ವಯಸ್ಸು ಇಪ್ಪತ್ತೆರಡು. ನಮ್ಮ ಮಾವ ಮಗಳ ವಯಸ್ಸನ್ನು ವರಗಳ ಮುಂದೆ ಇಳಿಸಿ, ಪಟ್ಟಿಯವನ ಮುಂದೆ ಏರಿಸಿ ಹೇಳಿದ್ದರಂತೆ. ಆ ಊರಿನ ಮಾಸ್ತರ ಹಳೆಯ ಪಟ್ಟಿಯನ್ನೇ ನಕಲು ಮಾಡುತ್ತ ಬಂದಿದ್ದ. ಮಾಸ್ತರನ ಹೆಂಡತಿ ಎರಡು ಊರಿನ ಮತದಾರಳು ಎಂದರೆ ನನ್ನ ಮಾನ ಏನಾಗಬೇಕು? ಅಲ್ಲೇ ಕೂತು ಹೆಸರು ತೆಗೆಯುವ ಅರ್ಜಿ ಬರೆದೆ.

ಅವಳು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ನಾ ಏನ ಅಲ್ಲಿ ಹೋಗಿ ಓಟ ಹಾಕ್ತೇನೇನ್ರಿ? ಆ ಹೆಸರ ಹಿಡದ ಕರಿಯೋರ ಯಾರೂ ಉಳದಿಲ್ಲ. ಅಪ್ಪ ಹೋದ, ಅವ್ವ ಹೋದ್ಲು. ತಮ್ಮ ಅಕ್ಕ ಅಂತಾನ. ಆ ಚೀಟ್ಯಾಗರೆ ಇರ್ಲಿ ಬಿಡ್ರಿ.”

ನಾನು ಕಾನೂನು ಹೇಳಿದೆ. ಮೂರನೆಯ ಇಯತ್ತೆಯ ಹುಡುಗರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಕೈ ಒರೆಸಿಕೊಂಡು ಬಂದು, ಅರ್ಜಿಯ ಕೆಳಗೆ ದುಂಡಗೆ ‘ನೀಲವ್ವ’ ಎಂದು ಬರೆದಳು. ಅದನ್ನು ಜಮಖಂಡಿಯ ಕಚೇರಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಊರಿನ ಅರ್ಜಿಗಳನ್ನೆಲ್ಲ ಮುಟ್ಟಿಸುತ್ತಿದ್ದ ನಾನು ಇದನ್ನು ಸೋಮಾರಿತನದಿಂದ ಟ್ರಂಕಿನಲ್ಲಿ ಹಾಕಿ ಮರೆತೆ. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಅದೊಂದೇ ಎಂದು ಈಗ ಅನಿಸುತ್ತದೆ.

ಎರಡು ವರ್ಷದ ಹಿಂದೆ ಅವಳು ಕಾಮಾಲೆಯಾಗಿ ಹೋದಳು. ಹದಿನೈದು ದಿನವೂ ಮಲಗಲಿಲ್ಲ. ಆ ವರ್ಷದ ಪಟ್ಟಿಯಲ್ಲಿ ಅನ್ನಪೂರ್ಣಾ ಎಂಬ ಹೆಸರಿನ ಮೇಲೆ ನಾನೇ ಗೆರೆ ಎಳೆದೆ. ಅಡಿಪಟ್ಟಿ ಇಟ್ಟರೂ ಅದು ಸೊಟ್ಟಾಯಿತು. ತಿದ್ದಲು ಹೋಗಲಿಲ್ಲ.

ಈಗ ಮತ್ತೆ ಪಾರ್ಲಿಮೆಂಟ್ ಚುನಾವಣೆ. ಮೊನ್ನೆ ಅವಳ ತಮ್ಮ ಬಂದ. ಚಹಾ ಕುಡಿದು ಮುಗಿಸಿ, ಅಂಗಿಯ ಕಿಸೆಯಿಂದ ಮಡಚಿದ ಚೀಟಿ ತೆಗೆದ. “ಅಕ್ಕಂದ ಬಂದೈತ್ರಿ ಮಾವಾರ. ಹರದ ಒಗಿಯಾಕ ನನಗ ಕೈ ಬರ್ಲಿಲ್ಲ.”

ನೀಲವ್ವ. ವಯಸ್ಸು ಇಪ್ಪತ್ತೆರಡು.

ಅವನು ಹೋದ ಮೇಲೆ ಟ್ರಂಕಿನಿಂದ ಅರ್ಜಿ ತೆಗೆದೆ. ಸಹಿ ಇದ್ದಂತೆಯೇ ಇತ್ತು. ಟೊಪ್ಪಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಜಮಖಂಡಿಯ ಬಸ್ಸು ಒಂದು ಹೋಯಿತು, ಎರಡು ಹೋಯಿತು. ಮೂರನೆಯದಕ್ಕೆ ಕಂಡಕ್ಟರ್ ನನ್ನನ್ನೇ ನೋಡಿ ಸೀಟಿ ಊದಿದ. ನಾನು ಮನೆಗೆ ಬಂದೆ. ತೇರದಾಳದಲ್ಲಿ ಅವಳಿಗಿನ್ನೂ ಇಪ್ಪತ್ತೆರಡು, ಅಪ್ಪನ ಮನೆಯಲ್ಲಿದ್ದಾಳೆ, ನನ್ನ ಕೈಗೆ ಬಿದ್ದಿಲ್ಲ, ಆರಾಮಾಗಿದ್ದಾಳೆ. ಅವಳನ್ನು ಅಲ್ಲಿಂದ ಎಬ್ಬಿಸಿ ಎರಡನೆಯ ಸಲ ಸಾಯಿಸಲು ನನ್ನಿಂದಾಗಲಿಲ್ಲ.

ಇದು ತಪ್ಪು, ನನಗೆ ಗೊತ್ತು. ಯಾರಾದರೂ ನನ್ನ ಮೇಲೆ ದೂರು ಕೊಡಬಹುದು. ಕೊಟ್ಟವರು ಸಾಹೇಬರ ಮುಂದೆ ನಿಂತು ಅವಳ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕೊಡಲಿ. ಗಂಡನಾಗಿ ನಾನು ಮಾಡದ ಕೆಲಸವನ್ನು ಯಾರಾದರೊಬ್ಬರು ಮಾಡಿದಂತಾಗುತ್ತದೆ.