ಕೊಡೆ ಹಿಡಿದವಳ ಅಕ್ಕ

ನನ್ನ ತಂಗಿಯನ್ನು ತೋರಿಸಿ ‘ಇವಳು ನನ್ನ ತಂಗಿ’ ಎಂದು ಹೇಳಬೇಕಾದ ಹೊತ್ತಿಗೆ ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಬಾಯಲ್ಲಿ ಗುಂಡುಸೂಜಿ ಇತ್ತು ಎನ್ನುತ್ತೇನೆ. ಅದು ಸುಳ್ಳಲ್ಲ. ಅಳತೆ ನೋಡುವಾಗ ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನಮ್ಮ ಕಸುಬಿನ ಅಭ್ಯಾಸ. ಆದರೆ ಸೂಜಿಯನ್ನು ಅಂಗೈಗೆ ಉಗುಳಿ ಮಾತಾಡುವುದಕ್ಕೆ ಎಷ್ಟು ಹೊತ್ತು ಬೇಕು? ಕೆಮ್ಮು ಬಂದರೆ ಉಗುಳುತ್ತೇನೆ, ಚಹಾ ಬಂದರೆ ಉಗುಳುತ್ತೇನೆ. ತಂಗಿಯ ವಿಷಯ ಬಂದಾಗ ಮಾತ್ರ ಅವು ಹಲ್ಲಿನ ಜೊತೆಯೇ ಹುಟ್ಟಿದವೇನೋ ಎಂಬಂತೆ ಕಚ್ಚಿಕೊಂಡೇ ಇದ್ದೆ.

ಮೂಡಿಗೆರೆಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಗೊಬ್ಬರದ ಅಂಗಡಿಯ ಪಕ್ಕದಲ್ಲಿ ನನ್ನ ಟೈಲರಿಂಗ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೆಷಿನ್ ತುಳಿಯಲು ಕೂತವಳು ಇನ್ನೂ ಎದ್ದಿಲ್ಲ. ಓದಿದವರು ಬಹಳ ಮಾತಾಡುತ್ತಾರೆ, ನಾನು ಬಹಳ ಕೇಳುತ್ತೇನೆ. ಒಂದು ದಿನ ಅತ್ತೆ ಬಂದು ಸೊಸೆಯನ್ನು ಬೈಯುತ್ತಾರೆ. ಮಾರನೇ ದಿನ ಸೊಸೆ ಬಂದು ಅತ್ತೆಯನ್ನು ಬೈಯುತ್ತಾಳೆ. ಇಬ್ಬರ ರವಿಕೆಯನ್ನೂ ಹೊಲಿಯಬೇಕಾದವಳು ನಾನು. ಬಾಯಲ್ಲಿ ಸೂಜಿ ಇದ್ದರೆ ಯಾರ ಪಕ್ಷವನ್ನೂ ವಹಿಸಬೇಕಾಗಿಲ್ಲ, ‘ಹ್ಞೂಂ’ ಎಂದರೆ ಸಾಕು. ಈ ಊರಿನಲ್ಲಿ ನನಗೆ ಒಳ್ಳೆಯ ಹೆಂಗಸು ಎಂಬ ಹೆಸರು ಬಂದಿರುವುದು ಹೀಗೆ. ನನ್ನ ಸ್ವಂತ ಅಭಿಪ್ರಾಯ ಏನು ಎಂದು ಈಗ ನನಗೇ ಗೊತ್ತಿಲ್ಲದ ಹಾಗಾಗಿದೆ.

ನನ್ನ ತಂಗಿ ವೀಣಾ ಹಾಗಲ್ಲ. ಅವಳು ಪಿಯುಸಿ ಮುಗಿಸಿ ಚಿಕ್ಕಮಗಳೂರಿನ ಒಂದು ಬೈಕ್ ಶೋರೂಮಿನಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಸುಮ್ಮನೆ ಕೂರುವ ಜಾತಿಯಲ್ಲ. ನಮ್ಮ ಕಡೆ ಕಾಫಿ ಕೊಯ್ಲು ಶುರುವಾಗುವ ಮುಂಚೆ, ತೋಟದ ರಸ್ತೆಗಳು ಖಾಲಿ ಇರುವಾಗ, ಕಾರಿನ ರ‍್ಯಾಲಿ ನಡೆಯುತ್ತದೆ. ಎಲ್ಲೆಲ್ಲಿಂದಲೋ ಬಂದವರು ನಮ್ಮ ಜೀಪೇ ಏದುಸಿರು ಬಿಡುವ ತಿರುವುಗಳಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಾರೆ. ಹೊರಡುವ ಜಾಗದಲ್ಲಿ ಒಂದು ಮೆಟ್ಟಿಲು ಎತ್ತರದ ಕಟ್ಟೆ. ಅದರ ಮೇಲೆ ಒಂದೊಂದೇ ಕಾರು ಬಂದು ನಿಲ್ಲುತ್ತದೆ. ಎರಡೂ ಬದಿಗೆ ಆಯಿಲ್ ಕಂಪನಿಯ ಬಣ್ಣದ ಉಡುಪು ಹಾಕಿದ ಹುಡುಗಿಯರು, ಒಂದು ಕೈಯಲ್ಲಿ ಕಂಪನಿಯ ಹೆಸರಿನ ಬೋರ್ಡು, ಇನ್ನೊಂದರಲ್ಲಿ ಡ್ರೈವರಿಗೆ ನೆರಳಾಗಲಿ ಎಂದು ಕೊಡೆ. ನಗುತ್ತಾ ನಿಲ್ಲುವುದೇ ಕೆಲಸ. ಹೋದ ವರ್ಷ ಆ ಕೊಡೆಗಳಲ್ಲಿ ಒಂದನ್ನು ಹಿಡಿದವಳು ನಮ್ಮ ವೀಣಾ.

ಅವತ್ತು ನಾನು ನೋಡಲು ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಇದೆ ಎಂದೆ. ಇಡೀ ದಿನ ಒಂದೇ ತೋಳನ್ನು ಹೊಲಿದೆ, ಬಿಚ್ಚಿದೆ. ಯಾರು ನೋಡಿದರೋ, ಯಾರು ಗುರುತು ಹಿಡಿದರೋ, ಗಾಳಿ ಬೀಸಿದರೆ ಗತಿ ಏನೋ ಎಂಬ ಯೋಚನೆ ಬಿಡಲಿಲ್ಲ. ನಮ್ಮನೆಯವರು ಪಿಕಪ್ ಓಡಿಸುತ್ತಾರೆ, ರ‍್ಯಾಲಿ ಎಂದರೆ ಊಟ ಬಿಡುವವರು. ಸಂಜೆ ಬಂದು, “ಯಾರು ಹುಡುಗೀರನ್ನ ನೋಡ್ತಾರೆ ಮಾರಾಯ್ತಿ? ನಾವು ಹೋಗದು ಗಾಡಿ ನೋಡಕ್ಕೆ” ಎಂದು ನನಗೆ ಸಮಾಧಾನ ಹೇಳಿದರು. ಆಮೇಲೆ ಅವರ ಫೋನಿನಲ್ಲಿ ಫೋಟೋ ನೋಡಿದೆ. ಒಂದರಲ್ಲೂ ಕಾರು ಪೂರ್ತಿ ಬಂದಿರಲಿಲ್ಲ. ಒಂದರಲ್ಲಿ ಬಾನೆಟ್ಟು, ಇನ್ನೊಂದರಲ್ಲಿ ಬರೀ ಕನ್ನಡಿ. ಕೊಡೆಗಳು ಮಾತ್ರ ಎಲ್ಲದರಲ್ಲೂ ಸರಿಯಾಗಿ ನಡುವೆ ಇದ್ದವು. ನಾದಿನಿ ಇದ್ದ ಕಡೆ ಮಾತ್ರ ಆಕಾಶದ ಫೋಟೋ ತೆಗೆದಿದ್ದರು. ಅಷ್ಟು ಮರ್ಯಾದೆ ಇದೆ ಮನುಷ್ಯನಿಗೆ.

ಈ ವರ್ಷ ರ‍್ಯಾಲಿಗೆ ಇನ್ನೂ ಸ್ವಲ್ಪ ದಿನ ಇದೆ ಎನ್ನುವಾಗ ವೀಣಾ ಒಂದು ದೊಡ್ಡ ಚೀಲ ಹೊತ್ತುಕೊಂಡು ಅಂಗಡಿಗೆ ಬಂದಳು. ಹುಡುಗಿಯರ ಉಡುಪುಗಳು. ಯಾರ ಅಳತೆಗೂ ಸರಿಯಿರಲಿಲ್ಲ, ಎಲ್ಲವನ್ನೂ ಬಿಗಿ ಮಾಡಿ ಸಡಿಲ ಮಾಡಿ ಕೊಡಬೇಕಿತ್ತು. ಅವಳ ಮುಖ ಅರಳಿತ್ತು. “ಅಕ್ಕಾ, ಇದೊಂದೇ ಸಲ ನೋಡು. ಈ ರ‍್ಯಾಲಿ ಚೆನ್ನಾಗಿ ಆದ್ರೆ ಹುಡುಗೀರನ್ನ ಕಳ್ಸೋ ಏಜೆನ್ಸಿಯೋರು ನನ್ನ ಸೂಪರ್‌ವೈಸರ್ ಮಾಡ್ತಾರಂತೆ. ಆಮೇಲೆ ನಾನು ಕೊಡೆ ಹಿಡಿಯಂಗಿಲ್ಲ. ಹುಡುಗೀರ ಊಟ, ಗಾಡಿ, ರೂಮು, ಎಲ್ಲಾ ನೋಡ್ಕೊಳ್ಳೋದು. ಶೋರೂಮ್ ಕೆಲಸ ಬಿಟ್ಟುಬಿಡ್ತೀನಿ” ಎಂದಳು. ನಾನು ಸಂತೋಷ ಎಂದೆ. ಹೇಳುತ್ತಾ ಹೇಳುತ್ತಾ ಅವಳ ಉಡುಪಿನ ಅಂಚಿನ ಮಡಿಕೆಯನ್ನು ಬಿಚ್ಚಿ, ಇದ್ದ ಬಟ್ಟೆಯನ್ನೆಲ್ಲ ಕೆಳಕ್ಕೆ ಬಿಟ್ಟು ಹೊಲಿದೆ. ಹಾಕಿ ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟಳು.

“ಎಂತ ಅಕ್ಕಾ ಇದು? ಉಳಿದ ಮೂರು ಜನದ ಪಕ್ಕ ನಿಂತ್ರೆ ನಾನು ಅವರನ್ನ ಶಾಲೆಗೆ ಬಿಡಕ್ಕೆ ಬಂದ ಟೀಚರ್ ತರ ಕಾಣ್ತೀನಿ.”

“ಬಟ್ಟೆ ಇತ್ತು, ಬಿಟ್ಟೆ. ವೇಸ್ಟ್ ಯಾಕೆ?”

“ನೀನು ಬಟ್ಟೆ ಉಳಿಸ್ತಿಲ್ಲ, ಮಾನ ಉಳಿಸ್ತಿದೀಯ. ಮೊದಲಿನ ಹಂಗೆ ಮಾಡು.”

ನಾನು ಮತ್ತೆ ಮೇಲಕ್ಕೆ ಮಡಿಸಿ ಹೊಲಿದೆ. ಅವಳು ಅದನ್ನು ತೆಗೆದುಕೊಂಡು ಅಂಗಡಿಯ ಮೂಲೆಯಲ್ಲಿ ಹಳೆಯ ಸೀರೆ ಕಟ್ಟಿ ಮಾಡಿದ ಮರೆಯ ಹಿಂದೆ ಹೋದಳು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಬಂದವರು ಬಾಳೂರು ಕಡೆಯ ಎಸ್ಟೇಟಿನ ಸುಲೋಚನಮ್ಮನವರು.

ಸುಲೋಚನಮ್ಮನವರ ಮನೆಯ ಮದುವೆ, ನಾಮಕರಣ, ಎಲ್ಲದರ ರವಿಕೆಯೂ ನನ್ನದೇ. ಕೆಟ್ಟವರಲ್ಲ. ರ‍್ಯಾಲಿ ನಡೆಸುವ ಕ್ಲಬ್ಬಿನ ಹೆಂಗಸರ ವಿಭಾಗಕ್ಕೆ ಅವರೇ ಹಿರಿಯರು. ಈ ಸಲ ಅವರ ಸೊಸೆಯೇ ಸ್ಟೇರಿಂಗ್ ಹಿಡಿದು ರ‍್ಯಾಲಿಯಲ್ಲಿ ಓಡಿಸುವವಳಿದ್ದಳು. ನಾನು ಬಾಯಿ ತುಂಬ ಸೂಜಿ ಇಟ್ಟುಕೊಂಡು ಅವರ ರವಿಕೆಯ ಕಂಕುಳ ಹತ್ತಿರ ಬಗ್ಗಿದ್ದೆ. ಅವರು ಟೇಬಲ್ಲಿನ ಮೇಲಿದ್ದ ಬಣ್ಣದ ಉಡುಪುಗಳನ್ನು ನೋಡಿದರು.

“ಇದು ಆ ಹುಡುಗೀರದ್ದಲ್ವಾ ಗಿರಿಜಾ? ನೋಡು, ನಾಳೆ ಮೀಟಿಂಗಲ್ಲಿ ಇದೇ ವಿಷಯ ಎತ್ತಬೇಕು ಅಂತಿದ್ದೆ. ಹೆಣ್ಣು ಗಾಡಿ ಒಳಗೆ ಕೂರ್ಬೇಕು, ಗಾಡಿ ಮುಂದೆ ನಿಲ್ಲೋದಲ್ಲ. ಬೊಂಬೆಗಳಾ ಅವರು? ಆಯಿಲ್ ಡಬ್ಬಕ್ಕೂ ಹೆಣ್ಣಿಗೂ ಏನು ಸಂಬಂಧ ಹೇಳು?”

ನನಗೂ ಅದು ಸರಿ ಎನಿಸಿತು. ಹ್ಞೂಂ ಎಂದೆ.

“ಯಾವ ಮನೆ ಹುಡುಗೀರೋ ಪಾಪ. ಮನೇಲಿ ಹೇಳೋರು ಕೇಳೋರು ಇಲ್ಲ ಅಂತ ಕಾಣುತ್ತೆ. ನೀನೇ ಹೇಳು, ನಿಮ್ಮನೆ ಹುಡುಗೀನ ಹಂಗೆ ನಿಲ್ಲಕ್ಕೆ ಬಿಡ್ತಿದ್ಯಾ?”

ಸೀರೆಯ ಮರೆ ಒಂದು ಸಲ ಅಲುಗಿತು. ಅದು ಗಾಳಿಯಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಆಡಿಸಿದೆ. ಇಲ್ಲ ಎಂದು. ಸೂಜಿ ಬಾಯಲ್ಲಿದ್ದರೂ ತಲೆ ಚೆನ್ನಾಗಿಯೇ ಕೆಲಸ ಮಾಡಿತು.

ಜೀಪು ಹೋದ ಮೇಲೆ ವೀಣಾ ಮರೆಯಿಂದ ಹೊರಗೆ ಬಂದಳು. ಅಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳುತ್ತಿರಲಿಲ್ಲ.

“ನಮ್ಮನೇಲಿ ಹೇಳೋರು ಕೇಳೋರು ಇದಾರೆ ಅಂತ ಹೇಳ್ಬಹುದಿತ್ತು. ಬಾಯಲ್ಲಿ ಸೂಜಿ ಇಟ್ಕೊಂಡಿದಾರೆ ಅಷ್ಟೆ” ಎಂದಳು. ನಾನು ಏನೋ ತೊದಲಿದೆ. ದೊಡ್ಡ ಗಿರಾಕಿ, ಹೊಟ್ಟೆಪಾಡು ಎಂದೆಲ್ಲ. ಅವಳು ಕೈ ಅಡ್ಡ ಹಿಡಿದಳು. “ಅವ್ರು ಹೇಳಿದ್ದು ಪೂರ್ತಿ ತಪ್ಪಲ್ಲ ಅಕ್ಕ. ನಕ್ಕು ನಕ್ಕು ಸಂಜೆಗೆ ದವಡೆ ನೋಯುತ್ತೆ. ಫೋಟೋ ನೆಪದಲ್ಲಿ ಭುಜದ ಮೇಲೆ ಕೈ ಹಾಕೋರೂ ಇದಾರೆ. ನಂಗೇನು ಆಸೆನಾ ಅಲ್ಲೇ ನಿಂತಿರಕ್ಕೆ? ಆದ್ರೆ ಬ್ಲೌಸ್ ಹೊಲಿಯೋಳನ್ನೂ ಕೇಳ್ತಾರೆ, ಕೊಡೆ ಹಿಡಿಯೋಳನ್ನ ಮಾತ್ರ ಯಾರೂ ಕೇಳಲ್ಲ. ಒಳಗೇ ಇದ್ದೆ ನಾನು. ‘ಅವಳನ್ನೇ ಕೇಳಿ’ ಅಂದಿದ್ರೆ ಸಾಕಿತ್ತು.” ಚೀಲ ಹೊತ್ತುಕೊಂಡು ಬಸ್ಸಿಗೆ ಹೋದಳು. ನಾನು ಹಿಂದೆ ಓಡಲಿಲ್ಲ. ಮೆಷಿನ್ನಿನ ಮೇಲೆ ಅರ್ಧ ಹೊಲಿದ ಬಟ್ಟೆ ಇತ್ತು ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಬೇಡ. ಓಡಲಿಲ್ಲ, ಅಷ್ಟೆ.

ಮೀಟಿಂಗಿನಲ್ಲಿ ಹುಡುಗಿಯರು ಬೇಡ ಎಂದು ತೀರ್ಮಾನವಾಯಿತು. ಏಜೆನ್ಸಿಯವರು ಈ ಕಡೆಯ ಕೆಲಸವನ್ನೇ ಕೈಬಿಟ್ಟರು, ಅದರ ಜೊತೆ ಸೂಪರ್‌ವೈಸರ್ ಕೆಲಸವೂ ಹೋಯಿತು. ಇಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ರ‍್ಯಾಲಿಯ ದಾರಿಯಲ್ಲಿ ಜನ, ದನ ಬರದಂತೆ ನೋಡಿಕೊಳ್ಳುವ ಸ್ವಯಂಸೇವಕರಿಗೆ ಜಾಕೆಟ್ ಹೊಲಿಯುವ ಕೆಲಸ ನನಗೇ ಬಂತು. ತಂಗಿಯ ಕೆಲಸ ಕಳೆದ ಕೈಗೆ ಹೊಸ ಕೆಲಸ. ರಾಶಿ ಬಿದ್ದ ಆ ಹಸಿರು ಜಾಕೆಟ್ಟುಗಳ ನಡುವೆ ಕೂತು ನನಗೆ ಊಟ ಸೇರುತ್ತಿರಲಿಲ್ಲ. ನಾನು ಫೋನ್ ಮಾಡಿದರೆ ವೀಣಾ ಎತ್ತುತ್ತಿದ್ದಳು. ಅದೇ ಕಷ್ಟ. “ಊಟ ಆಯ್ತಾ?” ಎಂದರೆ “ಆಯ್ತು.” “ಮಳೆ ಇದ್ಯಾ?” ಎಂದರೆ “ಇಲ್ಲ.” ಜಗಳವಾಡುವ ತಂಗಿಯನ್ನು ಸಂಭಾಳಿಸಬಹುದು. ಮರ್ಯಾದೆಯಿಂದ ಮಾತಾಡುವ ತಂಗಿಯನ್ನು ಏನು ಮಾಡುವುದು?

ಈ ಸಲ ನಾನು ರ‍್ಯಾಲಿ ನೋಡಲು ಹೋದೆ. ಹುಡುಗಿಯರಿಲ್ಲದೆ ಎಲ್ಲ ಹಾಳಾಗಲಿ, ಆಗ ಸುಲೋಚನಮ್ಮನವರಿಗೇ ಬುದ್ಧಿ ಬರಲಿ ಎಂದು ಒಳಗೊಳಗೆ ಹರಕೆಯನ್ನೂ ಹೊತ್ತಿದ್ದೆ. ಕೊಡೆ ಹಿಡಿಯಲು ಎಸ್ಟೇಟಿನ ರೈಟರ್ ಒಬ್ಬರನ್ನು ನಿಲ್ಲಿಸಿದ್ದರು. ಆಳುಗಳ ಹಾಜರಿ ತೆಗೆಯುವ ಮುಖದಲ್ಲೇ ಅವರು ಪ್ರತಿ ಡ್ರೈವರನ್ನೂ ನೋಡುತ್ತಿದ್ದರು, ನೆರಳು ಮಾತ್ರ ಅವರ ಸ್ವಂತ ತಲೆಯ ಮೇಲೇ ಬೀಳುತ್ತಿತ್ತು. ಜನ ನಕ್ಕರು, ನಾನೂ ನಕ್ಕೆ. ಆದರೆ ಕಾರುಗಳು ಹೋದವು, ಧೂಳೆದ್ದಿತು, ಸುಲೋಚನಮ್ಮನವರ ಸೊಸೆ ಹೊರಟಾಗ ಹೆಂಗಸರೆಲ್ಲ ಶಿಳ್ಳೆ ಹೊಡೆದರು. ಕೊಡೆಯ ಹುಡುಗಿಯರು ಎಲ್ಲಿ ಎಂದು ಕೇಳಿದವರು ಬಹಳ ಜನ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಸುಲೋಚನಮ್ಮನವರು ತಪ್ಪು ಎಂದು ಸಾಬೀತಾಗಿದ್ದರೆ ಬೈಯಲು ಅವರಾದರೂ ಸಿಗುತ್ತಿದ್ದರು. ಅವರು ಸರಿ ಇರಬಹುದು. ಆಗಲೂ ನಾನು ಮಾಡಿದ್ದು ತಪ್ಪೇ. ಹೀಗೂ ಇರುತ್ತದೆ ಎಂದು ಏಳನೇ ಕ್ಲಾಸಿನವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕ್ಷಮೆ ಕೇಳಬೇಕು ಎಂದು ತೀರ್ಮಾನಿಸಿದೆ. ತಮಾಷೆ ನೋಡಿ, ಈ ಊರಿನಲ್ಲಿ ನನ್ನಷ್ಟು ಸಲ ಕ್ಷಮೆ ಕೇಳಿದವರು ಇನ್ನೊಬ್ಬರಿಲ್ಲ. ರವಿಕೆ ತಡವಾದರೆ ಕೇಳುತ್ತೇನೆ, ತೋಳು ಬಿಗಿಯಾದರೆ ಕೇಳುತ್ತೇನೆ. ಕರೆಂಟಿರಲಿಲ್ಲ, ಬೆಲ್ಟು ಹರಿದಿತ್ತು, ದಾರದ ಬಣ್ಣ ಸಿಗಲಿಲ್ಲ ಎಂದು ಪ್ರತಿಯೊಂದಕ್ಕೂ ಬಾಲ ಇರುತ್ತದೆ. ವೀಣಾಗೆ ಹೇಳಲು ಕೂತರೆ ಅವೇ ಬಾಲಗಳು ಬರುತ್ತಿದ್ದವು. ಕಡುಬು ಮಾಡಿ ಬಸ್ಸಿನಲ್ಲಿ ಕಳಿಸಿದೆ. ಡಬ್ಬಿ ತೊಳೆದು ವಾಪಸ್ ಬಂತು. “ಚೆನ್ನಾಗಿತ್ತು” ಎಂದು ಮೆಸೇಜೂ ಬಂತು. ಕಡುಬಿನಿಂದ ಆಗುವ ಕೆಲಸ ಇದಲ್ಲ ಎಂದು ಆಗ ಗೊತ್ತಾಯಿತು.

ಮೊನ್ನೆ ಭಾನುವಾರ ವೀಣಾ ತನ್ನ ಚೂಡಿದಾರವೊಂದನ್ನು ಒಯ್ಯಲು ಬಂದಿದ್ದಳು. ಬಾಗಿಲ ಹತ್ತಿರ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ. ಆಗ ಸುಲೋಚನಮ್ಮನವರು ಬಂದರು. ಸೊಸೆಗೆ ಬಹುಮಾನ ಬಂದಿತ್ತು, ಸಂತೋಷದಲ್ಲಿದ್ದರು. “ಗಿರಿಜಾ, ಮೀಟಿಂಗಲ್ಲಿ ನಿನ್ನ ಮಾತೇ ಹೇಳ್ದೆ ಕಣೇ. ಆ ಬಟ್ಟೆ ಹೊಲಿಯೋಳೇ ಬೇಡ ಅಂತಾಳೆ ಅಂದೆ. ಎಲ್ರೂ ಬಾಯಿ ಮುಚ್ಚಿದ್ರು” ಎಂದು ನಗುತ್ತಾ ವೀಣಾಳ ಕಡೆ ತಿರುಗಿದರು. “ಈ ಹುಡುಗಿ ಯಾರು? ಲಕ್ಷಣವಾಗಿದಾಳೆ.”

ವೀಣಾ ನನ್ನನ್ನು ನೋಡಲಿಲ್ಲ. ರಸ್ತೆ ನೋಡುತ್ತಿದ್ದಳು. ಅವಳು ಏನನ್ನೂ ನಿರೀಕ್ಷಿಸುತ್ತಿಲ್ಲ ಎಂದು ಆ ನೋಟದಲ್ಲೇ ಗೊತ್ತಾಗುತ್ತಿತ್ತು. ನಾನು ಮೆಷಿನ್ ತುಳಿಯುವುದನ್ನು ನಿಲ್ಲಿಸಿದೆ.

“ನನ್ನ ತಂಗಿ ಅಮ್ಮ, ವೀಣಾ. ಹೋದ ವರ್ಷ ಕೊಡೆ ಹಿಡಿದಿದ್ದು ಇವಳೇ” ಎಂದೆ.

ಸುಲೋಚನಮ್ಮನವರ ನಗು ಅರ್ಧಕ್ಕೆ ನಿಂತಿತು. “ಅವತ್ತು ಕೇಳಿದಾಗ ನೀನು ಇಲ್ಲ ಅಂದ್ಯಲ್ಲೇ?”

“ಸುಳ್ಳು ಹೇಳ್ದೆ ಅಮ್ಮ. ಅವಳು ಇಲ್ಲೇ ಮರೇಲಿದ್ಲು.”

ಅವರು ವೀಣಾಳನ್ನು ನೋಡಿದರು. ಮುಖ ಕೆಂಪಾಗಿತ್ತು. “ನಿಂಗೆ ಬೇಜಾರಾಯ್ತೇನಮ್ಮ?” ಎಂದು ಕೇಳಿದರು.

“ಕೆಲಸ ಹೋಯ್ತಲ್ಲ ಮೇಡಂ, ಬೇಜಾರಾಯ್ತು. ನಿಮ್ಮ ಮಾತಿಗೆ ಅಲ್ಲ. ನೀವು ಹೊರಗಿನೋರು” ಎಂದಳು ವೀಣಾ.

ಇನ್ನು ಉಳಿದವಳು ನಾನೊಬ್ಬಳೇ. ಎದ್ದು ನಿಂತೆ. ದೊಡ್ಡ ಗಿರಾಕಿ ಎದುರಿಗೇ ಇದ್ದರು, ಅವರು ಇನ್ನು ಮುಂದೆ ಬರುತ್ತಾರೋ ಇಲ್ಲವೋ ಎಂಬ ಹೆದರಿಕೆಯೂ ಅಲ್ಲೇ ಇತ್ತು. ಹೊಟ್ಟೆಪಾಡು, ಊರಿನ ಬಾಯಿ, ನಿನ್ನ ಒಳ್ಳೆಯದಕ್ಕೇ ಎಂದು ಬಾಲಗಳೆಲ್ಲ ಸಾಲಾಗಿ ಬಂದು ನಿಂತವು. ಒಂದನ್ನೂ ಒಳಗೆ ಬಿಡದೆ ಹೇಳಿಬಿಟ್ಟೆ:

“ನಿನ್ನ ಬಟ್ಟೆಗೆ ನಾನು ನಾಚ್ಕೊಳ್ಳಲಿಲ್ಲ ಕಣೇ ವೀಣಾ, ಅದನ್ನ ಹೊಲಿದೋಳೇ ನಾನು. ನಿನ್ನ ಅಕ್ಕ ಅಂತ ಹೇಳ್ಕೊಳ್ಳಕ್ಕೆ ನಾಚ್ಕೊಂಡೆ. ತಪ್ಪಾಯ್ತು.”